ಓಲೆ ಎಲ್ಲಿ ಮುಗಿಯುತ್ತದೆ?

ದುಂಡು ಮುಖಕ್ಕೆ ಉದ್ದನೆಯ ಲೋಲಾಕು, ಉದ್ದ ಮುಖಕ್ಕೆ ದುಂಡನೆಯ ಓಲೆ, ಚೌಕ ಮುಖಕ್ಕೆ ಬಾಗಿದ ಅಂಚಿನ ಬಾಲಿ. ಕಿವಿಯ ಆಭರಣ ಆರಿಸುವವರಿಗೆ ಎಲ್ಲ ಕಡೆ ಸಿಗುವ ಸಲಹೆ ಇಷ್ಟೇ. ಔರಾದ ತಾಲ್ಲೂಕಿನ ಗಡಿಭಾಗದ ಚಿಂತಾಕಿಯಿಂದ ಮದುವೆಯ ಬಂಗಾರ ತರಲು ಬೀದರಿಗೋ ಭಾಲ್ಕಿಗೋ ಹೊರಟವರ ಮೊಬೈಲಿಗೂ ಈ ಪಟ್ಟಿ ಆಗಲೇ ಬಂದು ತಲುಪಿರುತ್ತದೆ. ಪಟ್ಟಿ ಪೂರ್ತಿ ಸುಳ್ಳಲ್ಲ, ಎಷ್ಟೋ ಮುಖಗಳಿಗೆ ಅದು ಹೇಳಿದ್ದು ಒಪ್ಪುತ್ತದೆ. ಆದರೆ ಅದು ಕೊಡುವ ಕಾರಣ ಸರಿಯಲ್ಲ. ಕಾರಣ ತಪ್ಪಿದ್ದರಿಂದಲೇ ಅದು ಕೆಲವರಿಗೆ ಒಪ್ಪಿ ಕೆಲವರಿಗೆ ಕೈಕೊಡುತ್ತದೆ, ದುಬಾರಿ ಝುಮಕಿ ಮದುವೆಯ ಫೋಟೊ ಮುಗಿದ ಮೇಲೆ ಡಬ್ಬಿ ಸೇರುತ್ತದೆ. ಮುಖದ ಆಕಾರಕ್ಕೆ ಒಂದು ಹೆಸರಿಟ್ಟು ಅದಕ್ಕೆ ವಿರುದ್ಧ ಆಕಾರದ ಓಲೆ ಹುಡುಕುವ ಬದಲು, ಓಲೆಯ ಕೆಳತುದಿ ಮುಖದ ಯಾವ ಎತ್ತರದಲ್ಲಿ ಬಂದು ನಿಲ್ಲುತ್ತದೆ, ಅಲ್ಲಿ ಅದರ ಅಗಲ ಎಷ್ಟು ಎಂಬುದನ್ನು ನೋಡಿ ಆರಿಸಬೇಕು ಎನ್ನುವುದು ಈ ಲೇಖನದ ವಾದ. ಆಕಾರದ ಹೆಸರು ಮೊದಲ ಸುಳಿವು ಮಾತ್ರ. ನಿರ್ಧಾರ ಓಲೆ ಮುಗಿಯುವ ಜಾಗದ್ದು.

ಮೊದಲು ಮುಖದ ಅಳತೆಯನ್ನೇ ನೋಡೋಣ. ದುಂಡು, ಅಂಡಾಕಾರ, ಚೌಕ, ಹೃದಯಾಕಾರ ಎಂದು ಹೆಸರಿಸುವಾಗ ಮುಖಗಳು ಬೇರೆ ಬೇರೆ ಅಚ್ಚಿನಲ್ಲಿ ಎರಕ ಹೊಯ್ದಂತೆ ಇವೆ ಎಂದು ನಾವು ನಂಬಿಬಿಡುತ್ತೇವೆ. ಮಾನವಶಾಸ್ತ್ರಜ್ಞರು ಮುಖ ಅಳೆಯುವ ರೀತಿ ಬೇರೆ. ಮೂಗಿನ ಬುಡದಿಂದ, ಅಂದರೆ ಎರಡು ಕಣ್ಣುಗಳ ನಡುವಿನ ತಗ್ಗಿನಿಂದ ಗದ್ದದ ಕೆಳಗಿನವರೆಗಿನ ಎತ್ತರವನ್ನು ಎರಡು ಕೆನ್ನೆಮೂಳೆಗಳ ಹೊರ ಅಂಚಿನ ನಡುವಿನ ಅಗಲದಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಬಂದ ಅಂಕಿ 85ಕ್ಕಿಂತ ಕಡಿಮೆಯಾದರೆ ಅಗಲ ಮುಖ, 85ರಿಂದ 90ರೊಳಗೆ ಇದ್ದರೆ ಮಧ್ಯಮ, 90 ದಾಟಿದರೆ ಉದ್ದ ಮುಖ. 84 ಮತ್ತು 86ರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ. ಗೆರೆ ನಾವು ಎಳೆದದ್ದು. ಇದನ್ನು ಮನೆಯಲ್ಲೇ ಅಳೆಯಬಹುದು, ಆದರೆ ದರ್ಜಿಯ ಟೇಪನ್ನು ಕೆನ್ನೆಯ ಮೇಲೆ ಹಾಯಿಸಬಾರದು. ಉಬ್ಬಿನ ಮೇಲೆ ಹೋದ ಟೇಪು ಅಗಲವನ್ನು ಹೆಚ್ಚಿಸಿ ತೋರಿಸುತ್ತದೆ. ಎರಡು ಗಟ್ಟಿ ರಟ್ಟಿನ ಪುಸ್ತಕಗಳನ್ನು ಎರಡೂ ಕೆನ್ನೆಮೂಳೆಗೆ ನೇರ ಹಿಡಿದು, ಅವುಗಳ ನಡುವಿನ ಅಂತರವನ್ನು ಇನ್ನೊಬ್ಬರು ಸ್ಕೇಲಿನಲ್ಲಿ ಅಳೆದರೆ ಸಾಕು. ಸೆಲ್ಫಿ ನೋಡಿ ನಿರ್ಧರಿಸುವುದು ಇನ್ನೂ ದೊಡ್ಡ ತಪ್ಪು. 12 ಇಂಚು ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ಮುಖ ಶಸ್ತ್ರಚಿಕಿತ್ಸಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹತ್ತಿರದ ಕ್ಯಾಮೆರಾ ನಡುಮುಖವನ್ನು ಮುಂದಕ್ಕೆ ತಂದು ಕಿವಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಕಿವಿಯ ಆಭರಣಕ್ಕಾಗಿ ಮುಖ ನೋಡಿಕೊಳ್ಳಲು ಇದಕ್ಕಿಂತ ಕೆಟ್ಟ ಕನ್ನಡಿ ಇನ್ನೊಂದಿಲ್ಲ. ಐದಾರು ಅಡಿ ದೂರ ನಿಂತು ಬೇರೆಯವರು ತೆಗೆದ ಫೋಟೊ ಬೇಕು. ನಮ್ಮನ್ನು ಕಾಣುವವರೂ ಆ ದೂರದಿಂದಲೇ ಕಾಣುತ್ತಾರೆ.

ಈಗ ಕಿವಿಗೆ ಬರೋಣ. ಚಿತ್ರ ಬಿಡಿಸುವವರಿಗೆ ಗೊತ್ತಿರುವ ಒಂದು ಲೆಕ್ಕ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಹೆಚ್ಚುಕಡಿಮೆ ಎಲ್ಲ ಮುಖಗಳಲ್ಲಿ ಕಿವಿಯ ಮೇಲಂಚು ಹುಬ್ಬಿನ ಮಟ್ಟದಲ್ಲಿ, ಹಾಲೆ ಮೂಗಿನ ಕೆಳಗಿನ ಮಟ್ಟದಲ್ಲಿ ಇರುತ್ತದೆ. ವಯಸ್ಕ ಹೆಣ್ಣುಮಕ್ಕಳಲ್ಲಿ ಮೂಗಿನ ಕೆಳಗಿನಿಂದ ಗದ್ದದವರೆಗೆ ಸುಮಾರು ಆರರಿಂದ ಏಳು ಸೆಂಟಿಮೀಟರ್. ಬಾಯಿಯ ಗೆರೆ ಅದರ ಮೂರನೇ ಒಂದು ಭಾಗದಲ್ಲಿ, ಅಂದರೆ ಮೂಗಿನಿಂದ ಎರಡು ಸೆಂಟಿಮೀಟರಿನಷ್ಟು ಕೆಳಗೆ. ದವಡೆ ಕಿವಿಯ ಕೆಳಗಿನಿಂದ ಇಳಿದು ಗದ್ದದ ಕಡೆಗೆ ತಿರುಗುವ ಮೂಲೆಯೂ ಹೆಚ್ಚುಕಡಿಮೆ ಬಾಯಿಯ ಮಟ್ಟದಲ್ಲೇ ಇರುತ್ತದೆ. ಇದರರ್ಥ ಸರಳ. ಹಾಲೆಯಲ್ಲೇ ಕೂರುವ ಬೆಂಡೋಲೆ ಮೂಗಿನ ಮಟ್ಟದಲ್ಲಿ ಮುಗಿಯುತ್ತದೆ. ಎರಡು ಸೆಂಟಿಮೀಟರ್ ಜೋತಾಡುವ ಚಿಕ್ಕ ಝುಮಕಿ ದವಡೆಯ ಮೂಲೆಯ ಎದುರಿಗೇ ಬಂದು ನಿಲ್ಲುತ್ತದೆ. ನಾಲ್ಕು ಸೆಂಟಿಮೀಟರಿನದು ತುಟಿ ಮತ್ತು ಗದ್ದದ ನಡುವೆ, ಏಳಕ್ಕಿಂತ ಉದ್ದದ್ದು ಮುಖ ದಾಟಿ ಕುತ್ತಿಗೆಗೆ ಬರುತ್ತದೆ. ಕಣ್ಣು ಗೆರೆಯೊಂದನ್ನು ಹಿಡಿದು ಇಳಿದು, ಅದು ಮುಗಿದ ಕಡೆ ಒಂದು ಗಳಿಗೆ ನಿಲ್ಲುತ್ತದೆ. ನಿಂತ ಕಡೆ ಮುಖದ ಯಾವ ಭಾಗವಿದೆಯೋ ಅದು ಎದ್ದು ಕಾಣುತ್ತದೆ. ಆದ್ದರಿಂದ ಓಲೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನನ್ನ ಮುಖದಲ್ಲಿ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದು.

ಪಟ್ಟಿಯ ಸಲಹೆ ಯಾಕೆ ಕೆಲವೊಮ್ಮೆ ಫಲಿಸುತ್ತದೆ ಎಂಬುದು ಇಲ್ಲಿಂದ ತಿಳಿಯುತ್ತದೆ. ದುಂಡು ಮುಖದವರು ಉದ್ದ ಲೋಲಾಕು ಹಾಕಿದಾಗ ಮುಖವೇನೂ ಉದ್ದವಾಗುವುದಿಲ್ಲ. ಲೋಲಾಕಿನ ತುದಿ ಕೆನ್ನೆಯ ತುಂಬಿದ ಭಾಗವನ್ನು ದಾಟಿ ಕೆಳಗೆ ಹೋಗುವುದರಿಂದ ಕಣ್ಣೂ ಕೆನ್ನೆಯಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಕುತ್ತಿಗೆ ನೀಳವಾಗಿರುವವರಿಗೆ ಇದು ಚೆಂದ. ಅದೇ ಸಲಹೆಯನ್ನು ಕುತ್ತಿಗೆ ಗಿಡ್ಡವಾಗಿ, ಹೆಗಲು ತುಂಬಿಕೊಂಡಿರುವ ದುಂಡು ಮುಖದವರು ಪಾಲಿಸಿದರೆ ಲೋಲಾಕಿನ ತುದಿ ಹೆಗಲಿಗೆ ತಾಗಿ, ಇದ್ದ ಕುತ್ತಿಗೆಯೂ ಇಲ್ಲವಾದಂತೆ ಕಾಣುತ್ತದೆ. ಇಬ್ಬರ ಮುಖದ ಆಕಾರ ಒಂದೇ, ಫಲ ಮಾತ್ರ ಬೇರೆ. ಆಕಾರವೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಇನ್ನೊಂದು ಪುರಾವೆ ನೋಡಿ. ಬೀದರ್ ಜಿಲ್ಲೆಯದೇ ಆದ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯಿದೆ, ಆರನೆಯ ವಿಕ್ರಮಾದಿತ್ಯನ ಹೆಸರನ್ನು ಬರೆಯುತ್ತಿರುವ ಶಾಸನಸುಂದರಿಯ ಶಿಲ್ಪಕ್ಕೆ ಹೆಸರಾದದ್ದು. ಆ ಕಾಲದ ಶಿಲ್ಪಿಗಳು ತುಂಬುಮುಖದ ಹೆಣ್ಣಿಗೆ ದೊಡ್ಡ ದುಂಡು ಕುಂಡಲವನ್ನೇ ತೊಡಿಸುತ್ತಿದ್ದರು. ಇಂದಿನ ಪಟ್ಟಿಯ ಪ್ರಕಾರ ಅದು ನಿಷಿದ್ಧ. ಆದರೂ ನೋಡಿದವರು ಯಾರೂ ಆ ಮುಖಗಳು ಕೆಟ್ಟಿವೆ ಎನ್ನುವುದಿಲ್ಲ, ಏಕೆಂದರೆ ಕುಂಡಲ ಕೆನ್ನೆಯ ಮೇಲೆ ಮುಗಿಯದೆ ಹೆಗಲ ಕಡೆಗೆ ಇಳಿಯುತ್ತದೆ ಮತ್ತು ಅದರ ಗಾತ್ರದ ಎದುರು ಮುಖವೇ ಚಿಕ್ಕದಾಗಿ, ನಾಜೂಕಾಗಿ ಕಾಣುತ್ತದೆ. ಒಂದು ಬಿಲ್ಲೆಯ ಸುತ್ತ ದೊಡ್ಡ ಬಿಲ್ಲೆಗಳನ್ನಿಟ್ಟರೆ ನಡುವಿನದು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುವ ದೃಷ್ಟಿಭ್ರಮೆಯನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್‌ನ ಹೆಸರಿನಲ್ಲಿ ಕರೆಯುತ್ತಾರೆ. ಕಾಗದದ ಮೇಲಿನ ಬಿಲ್ಲೆಗಳ ನಿಯಮವನ್ನು ಮುಖಕ್ಕೆ ಹಾಗೆಯೇ ಅನ್ವಯಿಸಲಾಗದು, ಆದರೆ ದಿಕ್ಕು ಅದೇ. ಶಿಲ್ಪಕ್ಕೆ ಇರುವ ಒಂದು ಅನುಕೂಲ ಮಾತ್ರ ನಮಗಿಲ್ಲ: ಕಲ್ಲಿನ ಕಿವಿಗೆ ಭಾರ ತಿಳಿಯುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಹಾಗಾದರೆ ಯಾರಿಗೆ ಎಲ್ಲಿ ಮುಗಿಯಬೇಕು? ದವಡೆಯ ಮೂಲೆ ಎದ್ದು ಕಾಣುವ ಚೌಕ ಮುಖಕ್ಕೆ ತೊಡಕಾಗುವುದು ಸರಿಯಾಗಿ ಆ ಮೂಲೆಯಲ್ಲೇ ಮುಗಿಯುವ ಓಲೆ, ಅಂದರೆ ಎರಡು-ಎರಡೂವರೆ ಸೆಂಟಿಮೀಟರಿನ ಝುಮಕಿ. ಝುಮಕಿಯ ಗುಣವೇ ಹಾಗೆ: ಅದರ ಅತಿ ಅಗಲವಾದ ಭಾಗ ಕೆಳಗಿನ ಬಾಯಿ. ಲೋಲಾಕು ನಡುವೆ ಉಬ್ಬಿ ಕೆಳಗೆ ಸಣ್ಣಗಾಗುತ್ತದೆ, ಬಾಲಿಯ ಅಗಲವೂ ನಡುವಿನಲ್ಲಿ. ಝುಮಕಿಯೊಂದೇ ಮುಗಿಯುವ ಜಾಗದಲ್ಲಿ ಅಗಲವಾಗಿ, ಮುತ್ತಿನ ಅಂಚು ಕಟ್ಟಿಕೊಂಡು, ಅಲುಗಾಡುತ್ತಾ ನೋಡುವವರ ಕಣ್ಣನ್ನು ಅಲ್ಲೇ ಹಿಡಿದಿಡುತ್ತದೆ. ಅದಕ್ಕೇ ಝುಮಕಿಯ ಉದ್ದವನ್ನು ಬೇರೆಲ್ಲ ಓಲೆಗಳಿಗಿಂತ ಹೆಚ್ಚು ಎಚ್ಚರದಿಂದ ಆರಿಸಬೇಕು. ಚೌಕ ಮುಖದವರು ಒಂದೋ ಹಾಲೆಯಲ್ಲೇ ನಿಲ್ಲುವ ಬೆಂಡೋಲೆಗೆ ಹೋಗಲಿ, ಇಲ್ಲವೇ ಮೂಲೆ ದಾಟಿ ನಾಲ್ಕು ಸೆಂಟಿಮೀಟರಿಗೆ ಇಳಿಯಲಿ, ನಡುವೆ ನಿಲ್ಲಬಾರದು. ಹಣೆ ಅಗಲವಾಗಿ ಗದ್ದ ಕಿರಿದಾದ ಮುಖಕ್ಕೆ ಇದೇ ಝುಮಕಿ ವರ. ಮುಖ ಕೆಳಗೆ ಕಿರಿದಾಗುತ್ತಾ ಹೋದಂತೆ ಗದ್ದದ ಎರಡೂ ಬದಿಗೆ ಉಳಿಯುವ ತೆರವನ್ನು ಮೂರು-ನಾಲ್ಕು ಸೆಂಟಿಮೀಟರಿನ ಅಗಲ ಬಾಯಿಯ ಝುಮಕಿ ಅಥವಾ ಹೈದರಾಬಾದ್ ಕಡೆಯಿಂದ ಬರುವ ಅರ್ಧಚಂದ್ರದ ಚಾಂದ್‌ಬಾಲಿ ತುಂಬುತ್ತದೆ. ಉದ್ದ ಮುಖಕ್ಕೆ ಹಾಲೆಯ ಮಟ್ಟದಲ್ಲೇ ಅಗಲ ಬೇಕು. ದೊಡ್ಡ ಹರಳಿನ ಓಲೆ, ಮರಾಠಿ ಮನೆಗಳಲ್ಲಿ ತೊಡುವ ಮುತ್ತಿನ ಗೊಂಚಲಿನ ಕುಡಿ, ಹೂವಿನಂತೆ ಅರಳಿದ ಕರ್ಣಫೂಲ ಇವೆಲ್ಲ ಒಪ್ಪುತ್ತವೆ. ಗದ್ದ ದಾಟಿ ಇಳಿಯುವ ಸರಪಳಿಯಂಥದ್ದು ಉದ್ದವನ್ನು ಇನ್ನಷ್ಟು ಎಳೆಯುತ್ತದೆ. ಗದ್ದ-ದವಡೆ ಅಗಲವಾಗಿ ಹಣೆ ಕಿರಿದಾಗಿರುವವರಿಗೆ ಕಣ್ಣನ್ನು ಮೇಲೆ ಕರೆದೊಯ್ಯುವ ಆಭರಣ ಬೇಕು, ಅದು ನಮ್ಮಲ್ಲಿ ಮೊದಲಿನಿಂದಲೂ ಇದೆ: ಬುಗುಡಿ. ಕಿವಿಯ ಮೇಲಂಚಿನಲ್ಲಿ, ಹುಬ್ಬಿನ ಮಟ್ಟದ ಹತ್ತಿರ ಕೂರುವ ಬುಗುಡಿ ಮುಖದ ಮೇಲ್ಭಾಗಕ್ಕೆ ಅಗಲ ಕೊಡುತ್ತದೆ. ಅಂಡಾಕಾರದ ಮುಖದವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಕುತ್ತಿಗೆಯ ಉದ್ದ ನೋಡಿಕೊಂಡರೆ ಸಾಕು. ಕನ್ನಡಕ ಹಾಕುವವರು ಮಾತ್ರ ಒಂದು ಸಂಗತಿ ನೆನಪಿಡಬೇಕು. ದಪ್ಪ ಫ್ರೇಮು ಮುಖಕ್ಕೆ ಅಡ್ಡಗೆರೆಯೊಂದನ್ನು ಆಗಲೇ ಎಳೆದಿರುತ್ತದೆ. ಅದರ ಜೊತೆ ಬುಗುಡಿಯೂ ದೊಡ್ಡ ಓಲೆಯೂ ಸೇರಿದರೆ ಕಿವಿಯ ಸುತ್ತ ಗದ್ದಲವಾಗುತ್ತದೆ.

ಬುಗುಡಿಯ ವಿಷಯದಲ್ಲಿ ಎಚ್ಚರಿಕೆಯೊಂದು ಇಲ್ಲೇ ಹೇಳಬೇಕು. ಹಾಲೆ ಬರೀ ಚರ್ಮ ಮತ್ತು ಕೊಬ್ಬು. ಮೇಲಂಚು ಮೃದ್ವಸ್ಥಿ, ಅದಕ್ಕೆ ನೇರ ರಕ್ತ ಸಂಚಾರವಿಲ್ಲ. ಅಲ್ಲಿ ಚುಚ್ಚಿದ ಗಾಯ ಮಾಯಲು ತಿಂಗಳುಗಳೇ ಬೇಕಾಗುತ್ತವೆ, ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಜಾತ್ರೆಯಲ್ಲಿ, ಅಂಗಡಿಯಲ್ಲಿ ಗನ್ನಿನಿಂದ ಮೇಲ್ಕಿವಿ ಚುಚ್ಚಿಸಿಕೊಳ್ಳುವುದು ಬೇಡವೇ ಬೇಡ. ಹೊಸ ಸೂಜಿ ಬಳಸಿ ಶುಚಿಯಾಗಿ ಚುಚ್ಚುವವರ ಹತ್ತಿರ ಹೋಗಬೇಕು, ಇಲ್ಲವಾದರೆ ಒತ್ತಿ ಹಾಕುವ ಪ್ರೆಸ್ ಬುಗುಡಿ ಬಳಸಬೇಕು. ಊದಿಕೊಂಡು ಕೆಂಪಾಗಿ ನೋಯತೊಡಗಿದರೆ ಅರಿಶಿನ ಹಚ್ಚಿ ಕಾಯದೆ ವೈದ್ಯರಿಗೆ ತೋರಿಸಬೇಕು.

ನಮ್ಮ ಅಜ್ಜಿಯಂದಿರು ಮುಖದ ಆಕಾರ ನೋಡಿ ಓಲೆ ಕೊಂಡರೇ, ಎಲ್ಲರೂ ಒಂದೇ ಬೆಂಡೋಲೆ ಹಾಕಿಕೊಂಡು ಚೆಂದ ಕಾಣಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಈ ವಾದವನ್ನೇ ಬಲಪಡಿಸುತ್ತದೆ. ಬೆಂಡೋಲೆ ಹಾಲೆಯ ಒಳಗೇ ಮುಗಿಯುತ್ತದೆ. ಅದು ದವಡೆಗೂ ಬರುವುದಿಲ್ಲ, ಗದ್ದಕ್ಕೂ ಬರುವುದಿಲ್ಲ, ಯಾವ ಮುಖದ ಯಾವ ಗೆರೆಯ ಜೊತೆಗೂ ಪೈಪೋಟಿಗೆ ಇಳಿಯುವುದಿಲ್ಲ. ದಿನವಿಡೀ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ, ತಲೆಯ ಮೇಲೆ ಹೊರೆ ಹೊರುವ ಹೆಣ್ಣುಮಕ್ಕಳಿಗೆ ಸೆರಗಿಗೂ ಮೇವಿಗೂ ಸಿಕ್ಕದ ಓಲೆ ಬೇಕಿತ್ತು. ಆ ಅಗತ್ಯಕ್ಕಾಗಿ ಉಳಿದು ಬಂದ ರೂಪವೇ ಎಲ್ಲ ಮುಖಕ್ಕೂ ಒಪ್ಪುವ ರೂಪವಾಯಿತು. ಆಕಾರ ಯಾವುದೆಂದು ನಿರ್ಧರಿಸಲಾಗದವರು, ಉಡುಗೊರೆ ಕೊಡುವಾಗ ಎದುರಿನವರ ಮುಖ ಸರಿಯಾಗಿ ನೆನಪಿಲ್ಲದವರು ಕಣ್ಣು ಮುಚ್ಚಿ ಆರಿಸಬಹುದಾದದ್ದು ಇಂದಿಗೂ ಬೆಂಡೋಲೆಯೇ. ಔರಾದ ತಾಲ್ಲೂಕಿನ ತಾಂಡಾಗಳಲ್ಲಿ ಬಂಜಾರ ಹೆಣ್ಣುಮಕ್ಕಳು ಕಂಡುಕೊಂಡ ದಾರಿ ಇನ್ನೂ ಜಾಣತನದ್ದು. ಮುಖದ ಎರಡೂ ಬದಿಗೆ ಬೆಳ್ಳಿಯ ಘೂಗ್ರಿ, ಟೋಪ್ಲಿಗಳು ಕೆನ್ನೆಯುದ್ದಕ್ಕೂ ಇಳಿದಿರುತ್ತವೆ. ದೂರದಿಂದ ಕಂಡವರಿಗೆ ಅದು ಭಾರಿ ಲೋಲಾಕು. ಆದರೆ ಅದನ್ನು ಹೊತ್ತಿರುವುದು ಕಿವಿಯಲ್ಲ, ಕೂದಲು. ಮುಖಕ್ಕೆ ಚೌಕಟ್ಟು ಬೇಕು, ಕಿವಿಗೆ ಭಾರ ಬೇಡ ಎಂಬ ಎರಡೂ ಬೇಡಿಕೆಯನ್ನು ಒಟ್ಟಿಗೆ ಪೂರೈಸಿದ ಇಂಥ ವಿನ್ಯಾಸವನ್ನು ಇಂದಿನ ಆಭರಣ ತಯಾರಕರು ಗಮನವಿಟ್ಟು ನೋಡಬೇಕು.

ಬೀದರ್ ಸೀಮೆಯಲ್ಲಿ ಇನ್ನೊಂದು ಸಂಗತಿ ಲೆಕ್ಕಕ್ಕೆ ಬರಬೇಕು, ಅದು ಯಾವ ಪಟ್ಟಿಯಲ್ಲೂ ಇಲ್ಲ. ಹಿರಿಯರೆದುರು, ಗುಡಿಯಲ್ಲಿ, ಮದುವೆಯ ಶಾಸ್ತ್ರಗಳಲ್ಲಿ ತಲೆಯ ಮೇಲೆ ಸೆರಗು ಬರುತ್ತದೆ. ಸೆರಗು ಕಿವಿಯ ಮುಂದೆ ಹಾಯ್ದರೆ ಬುಗುಡಿ ಪೂರ್ತಿ ಮುಚ್ಚಿಹೋಗುತ್ತದೆ, ಹಾಲೆಯ ಓಲೆ ಅರ್ಧ ಮುಚ್ಚುತ್ತದೆ, ಸೆರಗಿನ ಅಂಚಿನಿಂದ ಕೆಳಗಿಳಿದ ಭಾಗವಷ್ಟೇ ಕಾಣುತ್ತದೆ. ಆಗ ಮುಖದ ಹೊರರೇಖೆಯೇ ಬದಲಾಗುತ್ತದೆ. ಕೆನ್ನೆಯ ಬದಿ ಬಟ್ಟೆಯ ಕೆಳಗೆ ಸೇರಿ, ದುಂಡು ಮುಖವೂ ಉದ್ದವಾಗಿ ತೋರುತ್ತದೆ. ಸೆರಗು ಹೊದೆಯುವ ದಿನಕ್ಕೆ ಬೇಕಾದದ್ದು ಹಾಲೆಯಲ್ಲಿ ಚಪ್ಪಟೆಯಾಗಿ ಕೂತು, ಕೆಳಗೆ ಮೂರು-ನಾಲ್ಕು ಸೆಂಟಿಮೀಟರ್ ಇಳಿಯುವ, ಹಿಂದಕ್ಕೂ ಮುಂದಕ್ಕೂ ಕೊಕ್ಕೆಗಳಿಲ್ಲದ ಓಲೆ. ಮುತ್ತಿನ ಬಿಡಿ ಎಳೆಗಳಿರುವ ಝುಮಕಿ ಜರಿಯಂಚಿನ ಸೆರಗಿಗೆ ಸಿಕ್ಕಿಕೊಂಡು ಹಾಲೆಯನ್ನೇ ಎಳೆಯುತ್ತದೆ. ಹಿಜಾಬ್ ತೊಡುವವರಿಗೂ ಇದೇ ಮಾತು, ಒಳಗೆ ಒತ್ತದ ಚಪ್ಪಟೆ ಓಲೆಯೇ ಹಿತ. ಅದಕ್ಕಾಗಿ ಅಂಗಡಿಗೆ ಹೋಗುವಾಗ ಮದುವೆಯ ದಿನ ಹೇಗೆ ಜಡೆ ಅಥವಾ ತುರುಬು ಕಟ್ಟುವರೋ ಹಾಗೆಯೇ ಕಟ್ಟಿ, ಸೆರಗು ಹೊದ್ದು ಒಮ್ಮೆ, ಬಿಟ್ಟು ಒಮ್ಮೆ ನೋಡಬೇಕು.

ಅಂಗಡಿಯ ಕನ್ನಡಿಯನ್ನು ನಂಬಿ ಮಾತ್ರ ಕೊಳ್ಳಬೇಡಿ. ಕೌಂಟರಿನ ಮೇಲಿನ ಕನ್ನಡಿ ಒಂದು ಅಡಿ ದೂರದಲ್ಲಿರುತ್ತದೆ, ಕುತ್ತಿಗೆ-ಹೆಗಲು ಅದರಲ್ಲಿ ಕಾಣುವುದೇ ಇಲ್ಲ. ಓಲೆ ಮುಗಿಯುವ ಜಾಗ ಮುಖದೊಳಗಿದೆಯೋ ಕುತ್ತಿಗೆಯಲ್ಲಿದೆಯೋ ಎಂಬುದು ಅಲ್ಲಿ ತಿಳಿಯುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ, ಖರ್ಚು ಏನೂ ಇಲ್ಲ. ದಪ್ಪ ಹಳದಿ ಕಾಗದದಲ್ಲಿ, ಇಲ್ಲವೇ ಹಳೆಯ ಲಗ್ನಪತ್ರಿಕೆಯಲ್ಲಿ ಎರಡು, ನಾಲ್ಕು, ಆರು ಸೆಂಟಿಮೀಟರ್ ಉದ್ದದ ಜೋಡಿಗಳನ್ನು ಕತ್ತರಿಸಿ. ಪ್ರತಿ ಉದ್ದದಲ್ಲೂ ಒಂದು ಜೋಡಿ ಕೆಳಗೆ ಅಗಲ, ಇನ್ನೊಂದು ಜೋಡಿ ಕೆಳಗೆ ಕಿರಿದು ಇರಲಿ. ಹಣೆಗೆ ಅಂಟಿಸುವ ಟಿಕಳಿಯಿಂದಲೇ ಅವನ್ನು ಹಾಲೆಗೆ ಅಂಟಿಸಿ, ಬೆಳಕಿಗೆ ಎದುರಾಗಿ ನಿಂತು, ಆರು ಅಡಿ ದೂರದಿಂದ ಇನ್ನೊಬ್ಬರಿಂದ ಫೋಟೊ ತೆಗೆಸಿ. ಒಂದು ಕಿವಿಗೆ ಎರಡು ಸೆಂಟಿಮೀಟರಿನದು, ಇನ್ನೊಂದಕ್ಕೆ ನಾಲ್ಕರದು ಹಾಕಿ ತೆಗೆದರೆ ಇನ್ನೂ ಒಳ್ಳೆಯದು. ಒಂದೇ ಚಿತ್ರದಲ್ಲಿ ಅರ್ಧರ್ಧ ಮುಖವನ್ನು ಕೈಯಿಂದ ಮುಚ್ಚಿ ಹೋಲಿಸಬಹುದು. ಮುಖ ನೋಡಿದಾಗ ಕಣ್ಣು ಮೊದಲು ಕಣ್ಣುಗಳ ಕಡೆ ಹೋಯಿತೋ ದವಡೆಯ ಕಡೆ ಹೋಯಿತೋ ಎಂದು ಮನೆಯ ಇಬ್ಬರು-ಮೂವರನ್ನು ಕೇಳಿ. ಇಷ್ಟು ಮಾಡಿದವರು ಅಂಗಡಿಯಲ್ಲಿ ಒಂದು ಸ್ಕೇಲು ಹಿಡಿದು, ನಾಲ್ಕು ಸೆಂಟಿಮೀಟರಿನ ಒಳಗಿನದನ್ನು ಮಾತ್ರ ತೋರಿಸಿ ಎಂದು ನೇರವಾಗಿ ಕೇಳಬಹುದು.

ಇದೆಲ್ಲ ಮುಖವನ್ನು ತಿದ್ದುವ ಹಟವಲ್ಲವೇ, ದುಂಡು ಮುಖ ದುಂಡಾಗಿಯೇ ಕಂಡರೆ ಏನು ನಷ್ಟ ಎಂಬ ಆಕ್ಷೇಪವೂ ಇದೆ. ಇದು ನನಗೆ ಅತ್ಯಂತ ಮುಖ್ಯವೆನಿಸುವ ಆಕ್ಷೇಪ. ಪಟ್ಟಿಯ ನಿಜವಾದ ದೋಷ ಇದೇ: ಎಲ್ಲ ಮುಖಗಳೂ ಅಂಡಾಕಾರದ ಕಡೆಗೆ ಸರಿಯಬೇಕು ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ತುಂಬಿದ ಕೆನ್ನೆಯನ್ನು ಲಕ್ಷಣವೆಂದು ಕಂಡ ನಾಡಿನಲ್ಲಿ ಆ ತೀರ್ಮಾನವನ್ನು ಒಪ್ಪಬೇಕಾದ್ದಿಲ್ಲ. ಮುಗಿಯುವ ಜಾಗದ ಲೆಕ್ಕ ಯಾವ ಮುಖವನ್ನೂ ದೋಷವೆನ್ನುವುದಿಲ್ಲ. ತನ್ನ ದುಂಡು ಕೆನ್ನೆ ಎದ್ದು ಕಾಣಲಿ ಎನ್ನುವ ಹುಡುಗಿ ಅದೇ ಲೆಕ್ಕದಿಂದ ಎರಡು ಸೆಂಟಿಮೀಟರಿನ ದುಂಡು ಝುಮಕಿಯನ್ನೇ ಆರಿಸಿ ಕಣ್ಣನ್ನು ಕೆನ್ನೆಯಲ್ಲಿ ನಿಲ್ಲಿಸಬಹುದು. ದವಡೆಯ ಗಟ್ಟಿ ಗೆರೆ ತನ್ನ ಮುಖದ ಗತ್ತು ಎಂದು ತಿಳಿದವಳು ಅದರ ಮೂಲೆಗೇ ಓಲೆಯನ್ನು ತಂದು ನಿಲ್ಲಿಸಬಹುದು. ಯಾವುದು ಕಾಣಬೇಕು ಎನ್ನುವುದು ತೊಡುವವಳ ಇಷ್ಟ.

ತೂಕದ ಮಾತಿಗೆ ಬರೋಣ, ಇದು ಚೆಂದದಿಂದ ಬೇರೆಯಾದ ವಿಷಯವಲ್ಲ. ಹಾಲೆ ಜೋತುಬಿದ್ದರೆ ಓಲೆ ಮುಗಿಯುವ ಜಾಗವೂ ಕೆಳಗೆ ಸರಿಯುತ್ತದೆ, ಓಲೆ ಮುಂದಕ್ಕೆ ಬಾಗಿ ಅದರ ಮುಖ ನೆಲ ನೋಡುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಒಪ್ಪಿದ್ದ ಝುಮಕಿ ನಲವತ್ತಕ್ಕೆ ಒಪ್ಪದಿರಲು ಮುಖ ಬದಲಾದದ್ದಕ್ಕಿಂತ ತೂತು ಉದ್ದವಾದದ್ದೇ ಎಷ್ಟೋ ಸಲ ಕಾರಣ. ಒಂದು ತೊಲದ ಜೋಡಿ ಎಂದರೆ ಈಗಿನ ವ್ಯವಹಾರದಲ್ಲಿ 10 ಗ್ರಾಂ, ಒಂದು ಕಿವಿಗೆ 5 ಗ್ರಾಂ. ದಿನವಿಡೀ, ವರ್ಷಗಟ್ಟಲೆ ಅದನ್ನು ಹೊರುವುದು ಮೃದ್ವಸ್ಥಿಯ ಆಧಾರವೇ ಇಲ್ಲದ ಚರ್ಮ. ದೊಡ್ಡ ಓಲೆ ಬೇಕು, ಭಾರ ಬೇಡ ಎನ್ನುವವರು ಲೋಹಗಳ ಸಾಂದ್ರತೆ ತಿಳಿದಿರಬೇಕು. ಒಂದು ಘನ ಸೆಂಟಿಮೀಟರ್ ಶುದ್ಧ ಚಿನ್ನ 19.3 ಗ್ರಾಂ, ಬೆಳ್ಳಿ 10.5, ತಾಮ್ರ ಸುಮಾರು 9, ಮುತ್ತು ಮೂರಕ್ಕಿಂತ ಕಡಿಮೆ. ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಮುತ್ತಿನ ಪೇಟೆ ಬೀದರಿನವರಿಗೆ ಒಂದು ದಿನದ ಪ್ರಯಾಣ. ಅಲ್ಲಿನ ಮುತ್ತಿನ ಕುಡಿ ಹಾಲೆಯ ಮಟ್ಟದಲ್ಲಿ ಅಗಲ ಕೊಡುತ್ತದೆ, ತೂಕ ಕೊಡುವುದಿಲ್ಲ. ಅರಗು ತುಂಬಿದ ಹರಳಿನ ಓಲೆಗಳ ಭಾರ ಬರೀ ನೋಟಕ್ಕೆ ತಿಳಿಯುವುದಿಲ್ಲ. ಅಂಗೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು. ಭಾರದ ಝುಮಕಿಯನ್ನೇ ಹಾಕಬೇಕೆಂದಿದ್ದರೆ ಓಲೆಯಿಂದ ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕಿಸುವ ಮಾಟಿ ಹಾಕಬೇಕು. ಅದು ಬರೀ ಅಲಂಕಾರವಲ್ಲ, ಭಾರದ ಒಂದು ಪಾಲನ್ನು ಕೂದಲಿಗೆ ದಾಟಿಸುತ್ತದೆ. ಹಾಲೆಯ ಹಿಂದೆ ಅಗಲವಾದ ಬಿಲ್ಲೆಯುಳ್ಳ ತಿರುಪು ಹಾಕಿಸಿದರೆ ಓಲೆ ಮುಂದಕ್ಕೆ ಬಾಗುವುದಿಲ್ಲ. ತೂತು ಹಾಲೆಯ ಕೆಳ ಅಂಚಿಗೆ ತೀರ ಹತ್ತಿರವಿದ್ದವರು ಜೋತಾಡುವ ಓಲೆಯ ಆಸೆ ಬಿಡುವುದೇ ಲೇಸು. ಪೂರ್ತಿ ಹರಿದ ಹಾಲೆಯನ್ನು ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಹೊಲಿಯುತ್ತಾರೆ, ಸಣ್ಣ ಶಸ್ತ್ರಚಿಕಿತ್ಸೆ. ಗಾಯ ಪೂರ್ತಿ ಮಾದ ಮೇಲೆ ಹೊಲಿಗೆಯ ಕಲೆ ಬಿಟ್ಟು ಪಕ್ಕದಲ್ಲಿ ಚುಚ್ಚಿಸಬೇಕು.

ಬಂಗಾರ ಎಂದರೆ ಆಸ್ತಿ, ಅದನ್ನು ತೂಕಕ್ಕೆ ಕೊಳ್ಳುತ್ತಾರೆಯೇ ಹೊರತು ಮುಖಕ್ಕಲ್ಲ ಎನ್ನುವ ಮಾತು ಹಳ್ಳಿಯ ಮನೆಗಳಲ್ಲಿ ಬಲವಾಗಿದೆ. ಬೆಳೆ ಕೈಕೊಟ್ಟ ವರ್ಷ ಅಡವಿಡಲು ಉಳಿಯುವುದು ಹೆಣ್ಣಿನ ಮೈಮೇಲಿನ ಬಂಗಾರವೇ ಆಗಿರುವಾಗ ಅದನ್ನು ಅಲ್ಲಗಳೆಯಲಾಗದು. ಆದರೆ ಆ ಲೆಕ್ಕಕ್ಕೂ ಓಲೆ ಸರಿಯಾದ ಜಾಗವಲ್ಲ. ಝುಮಕಿಯಂಥ ಕುಸುರಿಯ ಆಭರಣಕ್ಕೆ ಕೂಲಿ, ವೇಸ್ಟೇಜ್ ಹೆಚ್ಚು, ಮಾರುವಾಗ ಅದು ಮರಳುವುದಿಲ್ಲ. ಹರಳು-ಅರಗಿನ ತೂಕ ಕಳೆದೇ ಲೆಕ್ಕ ಹಾಕುತ್ತಾರೆ. ಆಸ್ತಿಯಾಗಿ ಬೇಕಾದ ಬಂಗಾರವನ್ನು ಸರಳ ಬಳೆಯಲ್ಲೋ ನಾಣ್ಯದಲ್ಲೋ ಹಾಕಿ, ಕಿವಿಗೆ ಮುಖ ನೋಡಿ ಹಗುರವಾದದ್ದನ್ನು ಕೊಳ್ಳುವುದು ಹಣದ ದೃಷ್ಟಿಯಿಂದಲೂ ಬುದ್ಧಿವಂತಿಕೆ.

ಬೀದರಿನವರಾಗಿ ಬಿದ್ರಿಯ ಓಲೆಯ ಬಗ್ಗೆ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಕಪ್ಪಾಗಿಸುವ ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಹೂಜಿ, ಹೂದಾನಿಗಳ ಜೊತೆಗೆ ಈಗ ಓಲೆ, ಪದಕಗಳೂ ತಯಾರಾಗುತ್ತವೆ. ಮುಖಕ್ಕೆ ಹೊಂದಿಸುವಾಗ ಬಿದ್ರಿಗೆ ಒಂದು ವಿಶೇಷ ಗುಣವಿದೆ. ಬಂಗಾರದ ಓಲೆಯ ಅಂಚು ಹೊಳೆಯುತ್ತದೆ, ಆದ್ದರಿಂದ ಅದು ಎಲ್ಲಿ ಮುಗಿಯಿತು ಎಂಬುದು ದೂರಕ್ಕೂ ಕಾಣುತ್ತದೆ. ಬಿದ್ರಿಯ ಕಪ್ಪು ಅಂಚು ಕಪ್ಪು ಕೂದಲಿನಲ್ಲಿ, ಕುತ್ತಿಗೆಯ ನೆರಳಿನಲ್ಲಿ ಕರಗಿ, ಒಳಗಿನ ಬೆಳ್ಳಿಯ ಬಳ್ಳಿ ಮಾತ್ರ ಎದ್ದು ಕಾಣುತ್ತದೆ. ಮೂರು ಸೆಂಟಿಮೀಟರಿನ ಬಿದ್ರಿ ಓಲೆ ಅದೇ ಅಳತೆಯ ಬಂಗಾರದ್ದಕ್ಕಿಂತ ಚಿಕ್ಕದಾಗಿ, ಮೃದುವಾಗಿ ತೋರುವುದು ಅದಕ್ಕೇ. ದವಡೆಯ ಮಟ್ಟದಲ್ಲಿ ದಪ್ಪ ಝುಮಕಿ ಒಪ್ಪದವರು ಅಲ್ಲಿ ಬಿದ್ರಿಯನ್ನು ಧೈರ್ಯವಾಗಿ ಹಾಕಬಹುದು. ಹಾಲೆಯೊಳಗೆ ಹೋಗುವ ಕಡ್ಡಿ ಬೆಳ್ಳಿಯದೇ ಎಂದು ಕೇಳಿ ಖಚಿತಮಾಡಿಕೊಳ್ಳಬೇಕು. ಕಪ್ಪು ಮಾಸಿದರೆ ಹುಳಿ-ಪುಡಿ ಹಾಕಿ ಉಜ್ಜದೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ಕಡ್ಡಿಯ ಮಾತು ಜಾತ್ರೆಯ ಆರ್ಟಿಫಿಶಿಯಲ್ ಓಲೆಗಳಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಅಗ್ಗದ ಮಿಶ್ರಲೋಹದಲ್ಲಿ ನಿಕ್ಕಲ್ ಇರುತ್ತದೆ, ಬೇಸಿಗೆಯ ಬೆವರಿನಲ್ಲಿ ಅದು ಕರಗಿ ಚರ್ಮಕ್ಕೆ ಇಳಿಯುತ್ತದೆ, ಹಾಲೆ ತುರಿಸಿ ನೀರಾಡುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಯುರೋಪಿನ ದೇಶಗಳು 1994ರಲ್ಲೇ ಆಭರಣದಿಂದ ಹೊರಬರುವ ನಿಕ್ಕಲ್‌ಗೆ ಮಿತಿ ಹಾಕಿದ್ದು ಇದಕ್ಕಾಗಿಯೇ. ಅಂಥ ಓಲೆಯ ಅಂದ ಇಷ್ಟವಾದರೆ ಕೊಂಡು ತಂದು, ಪತ್ತಾರರಲ್ಲಿ ಕಡ್ಡಿಯನ್ನಷ್ಟೇ ಬೆಳ್ಳಿಗೆ ಬದಲಾಯಿಸಿಕೊಳ್ಳಬಹುದು. ಬಂಗಾರದ್ದಾದರೆ 22ಕೆ916 ಅಥವಾ 18ಕೆ750 ಗುರುತಿನ ಜೊತೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಇದೆಯೇ ನೋಡಿ. ಹಾಲ್‌ಮಾರ್ಕ್ ಬಂಗಾರಕ್ಕೆ 2023ರ ಏಪ್ರಿಲ್ 1ರಿಂದ ಅದು ಬೇಕೇ ಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆಯ ವಿವರ ಸಿಗುತ್ತದೆ. 2 ಗ್ರಾಂಗಿಂತ ಹಗುರವಾದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಹಾಗಾಗಿ ಚಿಕ್ಕ ಬೆಂಡೋಲೆ, ಮಕ್ಕಳ ಓಲೆ ಕೊಳ್ಳುವಾಗ ಶುದ್ಧತೆ, ತೂಕ, ಕೂಲಿ ಮೂರನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ. ಮನೆಯಲ್ಲಿ ಡಬ್ಬಿ ಸೇರಿರುವ ಹಳೆಯ ಝುಮಕಿಯನ್ನು ಕರಗಿಸಲು ಕೊಡುವ ಮೊದಲು ಕಾಗದದ ಪರೀಕ್ಷೆಯನ್ನೊಮ್ಮೆ ಮಾಡಿ ನೋಡಿ. ಓಲೆ ಮತ್ತು ಝುಮಕಿಯ ನಡುವಿನ ಕೊಂಡಿಯನ್ನು ಒಂದು ಸೆಂಟಿಮೀಟರ್ ಉದ್ದ ಮಾಡುವುದೋ ಒಂದು ಕೊಂಡಿ ತೆಗೆಯುವುದೋ ಪತ್ತಾರರಿಗೆ ಸಣ್ಣ ಕೆಲಸ, ಹೊಸದಕ್ಕೆ ಕೊಡುವ ಕೂಲಿಯ ಮುಂದೆ ಅದರ ಖರ್ಚು ಲೆಕ್ಕಕ್ಕಿಲ್ಲ.